ಒಬ್ದುಲಿಯಾಳ ಸಪ್ಪೆ ಹಲ್ವ

ಒಬ್ದುಲಿಯಾಳ ಕೈ ನೋಡಿ ಇದು ಯಾವ ತಿಂಗಳೆಂದು ಹೇಳಿಬಿಡಬಹುದಿತ್ತು. ಅಕ್ಟೋಬರಿನಲ್ಲಿ ಬೆರಳ ತುದಿಗಳು ಬೂದಿನೀರಿಗೆ ಸುಲಿದು ಕೆಂಪಾಗಿರುತ್ತಿದ್ದವು, ಮುಂಗೈ ತುಂಬ ತೆಹೊಕೋತೆ ಮರದ ಮುಳ್ಳಿನ ಗೀರು. ಡಿಸೆಂಬರಿನಲ್ಲಿ ಒಲೆಗೆ ಕಟ್ಟಿಗೆ ಒಡ್ಡುವಾಗ ಕುದಿಯುವ ಹಲ್ವ ಸಿಡಿದ ಕಲೆಗಳು. ಫೆಬ್ರವರಿಯಲ್ಲಿ ಮರ ಬಿಳಿ ಹೂ ಹೊದ್ದು ನಿಂತಾಗ ಆ ಕೈಗೆ ತುಸು ಬಿಡುವು. ಬಿಡುವೆಂದರೆ ಬಟ್ಟೆ, ಪಾತ್ರೆ, ಹಂದಿಯ ಕಲಗಚ್ಚು, ಮೂರು ಹೊತ್ತಿನ ರೊಟ್ಟಿ ಇಷ್ಟೇ.

ಸಾಂತಾ ಬ್ರಿಹಿದಾ ಊರಿನ ಎಲ್ಲ ಹಿತ್ತಿಲಲ್ಲೂ ತೆಹೊಕೋತೆ ಮರವಿದೆ. ಬೆಂಕಿಬೆಟ್ಟ ದೋನ್ ಗೋಯೋ ವರ್ಷವಿಡೀ ಉಗುಳುವ ಬೂದಿಯೇ ಅಲ್ಲಿನ ಮಣ್ಣು. ಬೆಳಗಿನ ಚಳಿಗೆ ಬಕೆಟ್ಟಿನ ನೀರು ಮಂಜಿನ ಕೆನೆಗಟ್ಟುತ್ತದೆ. ಬೇರೆ ಗಿಡ ಮುನಿಸಿಕೊಳ್ಳುವ ಅಂಥ ಜಾಗದಲ್ಲಿ ತೆಹೊಕೋತೆ ಕೇಳದೆಯೇ ಬೆಳೆಯುತ್ತದೆ. ಅದರ ಬುಡಕ್ಕೆ ಮರಸೇಬಿನ ಕಸಿ ಕಟ್ಟಿದರೆ ಅದನ್ನೂ ಹೊತ್ತು ಸಾಕುತ್ತದೆ. ಗುದ್ದಲಿಯ ಕಾವಿಗೆ ಅದರ ಕಟ್ಟಿಗೆ, ಮಕ್ಕಳ ಕೆಮ್ಮಿಗೆ ಅದರ ಹಣ್ಣಿನ ಕಷಾಯ, ಕ್ರಿಸ್‌ಮಸ್ಸಿನ ಬಿಸಿ ಪಾನಕಕ್ಕೆ ಅದೇ ಹಣ್ಣು. ಗೋಲಿಯಷ್ಟು ದಪ್ಪದ ಅರಿಶಿನ ಬಣ್ಣದ ಕಾಯಿ, ಒಳಗೆಲ್ಲ ಕಲ್ಲಿನಂಥ ಬೀಜ. ಮುಳ್ಳಿಗೆ ಹೆದರದೆ ಅದನ್ನು ಕಿತ್ತು, ಬೂದಿನೀರಿನಲ್ಲಿ ಕುದಿಸಿ, ಸಿಪ್ಪೆ ಉಜ್ಜಿ ತೆಗೆದು, ಕಡ್ಡಿಯಿಂದ ಬೀಜ ತಳ್ಳಿ, ಅರೆದು ಕೊಡುವವಳೊಬ್ಬಳು ಮನೆಯಲ್ಲಿರಬೇಕು. ಮಾವ ಎವರಿಸ್ತೋನ ಮನೆಯಲ್ಲಿ ಅವಳು ಒಬ್ದುಲಿಯಾ.

ಹಿರಿಯ ಸೊಸೆಯಾಗಿ ಬಂದ ವರ್ಷವೇ ಅತ್ತೆ ಪ್ಲಾಸಿದಾ ಅವಳ ಮುಂದೆ ಕಾಯಿಯ ರಾಶಿ ಸುರಿದಿದ್ದಳು. "ಸುಲಿ. ಚೂರೂ ಸಿಪ್ಪೆ ಉಳೀಬಾರ್ದು." ಒಬ್ದುಲಿಯಾ ಸುಲಿದಳು. ಹೊಟ್ಟೆಯಲ್ಲಿ ಮಗುವಿದ್ದಾಗ ಸುಲಿದಳು, ಬೆನ್ನ ಮೇಲೆ ಮಗು ಕಟ್ಟಿಕೊಂಡು ಸುಲಿದಳು, ಆ ಮಕ್ಕಳು ಮದುವೆಯಾಗಿ ಹೋದ ಮೇಲೂ ಸುಲಿದಳು. ಆದರೆ ತಾಮ್ರದ ದೊಡ್ಡ ಬಾಣಲೆಯ ಮುಂದೆ ಹುಟ್ಟು ಹಿಡಿದು ನಿಲ್ಲುತ್ತಿದ್ದವಳು ಪ್ಲಾಸಿದಾ. ಹಲ್ವ ಬೆಂಕಿಯ ಮೇಲೆ ಕೆಂಪಗಾಗುವಾಗ ಊರ ಹೆಂಗಸರು ಇಣುಕುತ್ತಿದ್ದರು, ಹೊಗಳುತ್ತಿದ್ದರು. ಹೊಗಳಿಕೆ ಬಾಣಲೆಯ ಸುತ್ತಲೇ ತಿರುಗುತ್ತಿತ್ತು. ಸಿಪ್ಪೆ ಬಿದ್ದಿದ್ದ ಮೂಲೆಗೆ ಬರುತ್ತಿರಲಿಲ್ಲ.

ಅದಕ್ಕೂ ಒಬ್ದುಲಿಯಾ ಒಗ್ಗಿಕೊಂಡಿದ್ದಳು. ಒಗ್ಗದೆ ಹೋದದ್ದು ಆರಾಸೆಲಿಗೆ.

ಆರಾಸೆಲಿ ಅವಳ ಓರಗಿತ್ತಿ, ಮೈದುನ ಬ್ರೌಲಿಯೋನ ಹೆಂಡತಿ. ಪುಯೆಬ್ಲಾ ಪಟ್ಟಣದಲ್ಲಿ ಹೆಂಗಸರಿಗೆ ತಲೆ ಬಾಚಿ ಕೂದಲು ಕತ್ತರಿಸುವ ಅಂಗಡಿಯಲ್ಲಿದ್ದವಳು. ಒಂದೇ ಅಂಗಳದ ಆಚೆ ಬದಿಯಲ್ಲಿ ಅವಳ ಮನೆ. ಅವಳು ಬರುವ ಹೊತ್ತಿಗೆ ಪ್ಲಾಸಿದಾಗೆ ಸಕ್ಕರೆ ಕಾಯಿಲೆ ಬಲಿತು ಕಾಲು ಸೋತಿತ್ತು. ಹಾಸಿಗೆ ಒಗೆಯುವವಳು, ಹುಣ್ಣು ತೊಳೆಯುವವಳು, ಎತ್ತಿ ಕೂರಿಸುವವಳು ಒಬ್ದುಲಿಯಾ. ಮಧ್ಯಾಹ್ನ ಬಂದು ಅತ್ತೆಯ ತಲೆ ಬಾಚಿ ಎರಡು ಜಡೆ ಹಾಕಿ, ಪಟ್ಟಣದ ಕತೆ ಹೇಳಿ ನಗಿಸಿ ಹೋಗುವವಳು ಆರಾಸೆಲಿ.

"ಇವಳ ಕೈ ನೋಡೇ, ಹೂವು ಮುಟ್ಟಿದ ಹಾಗೆ," ಎನ್ನುತ್ತಿದ್ದಳು ಪ್ಲಾಸಿದಾ. ಆಮೇಲೆ ಅದೇ ಉಸಿರಿನಲ್ಲಿ, "ಒಬ್ದುಲಿಯಾ, ಬಕೆಟ್ ತಗೊಂಡು ಹೋಗು."

ಒಬ್ದುಲಿಯಾ ಬಕೆಟ್ ಎತ್ತಿಕೊಂಡು ಹೋಗುತ್ತಿದ್ದಳು. ಹಿತ್ತಿಲಿಗೆ ಹೋಗುವಷ್ಟರಲ್ಲಿ ಒಳಗಿಂದ ನಗು ಕೇಳುತ್ತಿತ್ತು. ನನ್ನ ಜೊತೆ ಈ ಮುದುಕಿ ಒಂದು ದಿನವಾದರೂ ನಕ್ಕಿದ್ದಾಳಾ ಎಂದು ನೆನಪು ಕೆದಕುತ್ತಿದ್ದಳು. ಹೊಟ್ಟೆಯೊಳಗೆ ಹಸಿ ಕಟ್ಟಿಗೆ ಹೊತ್ತಿಕೊಂಡ ಹಾಗೆ; ಉರಿಗಿಂತ ಹೊಗೆಯೇ ಹೆಚ್ಚು.

ಪ್ಲಾಸಿದಾ ಸಾಯುವ ಮುಂಚಿನ ಚಳಿಗಾಲದಲ್ಲಿ ಒಂದು ದಿನ ಒಬ್ದುಲಿಯಾಳ ಲಂಗದ ಅಂಚು ಹಿಡಿದು ಕೇಳಿದ್ದಳು. "ಒಂದು ಚೂರು ಹಲ್ವ ಕೊಡೇ."

"ಡಾಕ್ಟರು ಬೇಡ ಅಂದಿದಾರೆ ಅತ್ತೆ."

"ಉಗುರಿನಷ್ಟು."

"ಕಾಲು ಕತ್ತರಿಸ್ಬೇಕಾಗುತ್ತೆ ಅಂದಿದಾರೆ. ಆಮೇಲೆ ಹೊರೋಳು ನಾನೇ."

ಒಬ್ದುಲಿಯಾ ಕೊಡಲಿಲ್ಲ. ಮರುದಿನ ಹಾಸಿಗೆ ಕೊಡವುವಾಗ ದಿಂಬಿನಡಿಯಲ್ಲಿ ಮುಸುಕಿನಜೋಳದ ಸಿಪ್ಪೆಯ ಪೊಟ್ಟಣ ಸಿಕ್ಕಿತು, ಅಂಟಂಟಾಗಿ. ಅದು ಆರಾಸೆಲಿಯ ಅಡುಗೆಮನೆಯ ಗಂಟು. ಅವಳು ಏನೇ ಕಟ್ಟಿದರೂ ರಿಬ್ಬನ್ನಿನ ಹಾಗೆ ಕಟ್ಟುತ್ತಿದ್ದಳು. ಕಾಪಾಡಿದವಳಿಗೆ ಬಕೆಟ್ಟು, ಕದ್ದು ಕೊಟ್ಟವಳಿಗೆ ಮುದ್ದು. ಒಬ್ದುಲಿಯಾ ಅದನ್ನು ಯಾರಿಗೂ ಹೇಳಲಿಲ್ಲ. ಮರೆಯಲೂ ಇಲ್ಲ.

ಪ್ಲಾಸಿದಾ ಹೋದ ಮೇಲೆ ಬಾಣಲೆ ಗೋಡೆಗೆ ಆತು ನಿಂತಿತ್ತು. ಅದು ಯಾರ ಪಾಲು ಎನ್ನುವ ಮಾತು ಸತ್ತವರ ಹಬ್ಬದ ತಯಾರಿಯ ಹೊತ್ತಿಗೆ ಎದ್ದಿತು. ಬಾಣಲೆ ಇದ್ದವಳು ಮನೆಯ ಯಜಮಾನಿ. ಅದು ಊರಲ್ಲಿ ಎಲ್ಲರಿಗೂ ಗೊತ್ತು. ಮಾವ ಎವರಿಸ್ತೋ ಜಗಲಿಯಲ್ಲಿ ಕೂತು, ಹ್ಯಾಟನ್ನು ಮಂಡಿಗೆ ಹಾಕಿಕೊಂಡು ತೀರ್ಪು ಕೊಟ್ಟ.

"ನಾನ್ಯಾಕೆ ಹೇಳ್ಲಿ? ಅವಳೇ ಹೇಳ್ತಾಳೆ. ಇಬ್ರೂ ಒಂದೊಂದು ತಟ್ಟೆ ಹಲ್ವ ಮಾಡಿ ಅವಳ ಎಡೆಯ ಪೀಠದ ಮೇಲಿಡಿ. ಯಾರದ್ದು ಸಪ್ಪೆ ಆಗಿರುತ್ತೋ ಬಾಣಲೆ ಅವರದ್ದು."

ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಸತ್ತವರು ಬಂದು ಎಡೆಯ ಘಮ, ರುಚಿ ಎಳೆದುಕೊಂಡು ಹೋಗುತ್ತಾರೆ, ಪೀಠ ಇಳಿಸಿದ ಮೇಲೆ ಉಳಿಯುವುದು ಬರೀ ಚರಟ ಎಂದು ಎಲ್ಲರೂ ಬಲ್ಲರು. ಮಕ್ಕಳು ಕೂಡ ಎಡೆಯ ರೊಟ್ಟಿ ಕಚ್ಚಿ, "ತಾತ ತಿಂದಿದಾನೆ" ಎನ್ನುತ್ತಾರೆ.

ಒಬ್ದುಲಿಯಾಳ ಗಂಡ ಹಸಿಂತೋ ನಕ್ಕ. "ಗೆದ್ದೆ ಬಿಡು. ಅಮ್ಮ ನಿನ್ನದನ್ನೇ ತಿಂತಾಳೆ."

ಒಬ್ದುಲಿಯಾ ನಗಲಿಲ್ಲ. ಅತ್ತೆ ಯಾರ ತಟ್ಟೆಗೆ ಕೈ ಹಾಕುತ್ತಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬದುಕಿದ್ದಾಗ ಯಾರ ಕೈಯಿಂದ ತಿಂದಳೋ ಅವಳ ಕೈಯಿಂದಲೇ. ಬಾಣಲೆ ಹೋದರೆ ಹೋಗಲಿ. ಸತ್ತ ಮೇಲೂ ಅತ್ತೆ ಊರೆದುರು ಆರಾಸೆಲಿಯನ್ನೇ ಆರಿಸಿಕೊಂಡಳು ಎಂದಾಗಬಾರದು.

ಹಾಗಾಗಿ ಅವಳು ಹಲ್ವವನ್ನು ಸಪ್ಪೆಯಾಗಿಯೇ ಮಾಡಿದಳು.

ಸಪ್ಪೆ ಮಾಡುವುದಕ್ಕೆ ಎರಡರಷ್ಟು ಕೆಲಸ. ಸುಲಿದ ಹಣ್ಣನ್ನು ಮತ್ತೆ ಮತ್ತೆ ನೀರಿನಲ್ಲಿ ಕುದಿಸಿ ಹುಳಿಯನ್ನೆಲ್ಲ ಚೆಲ್ಲಿದಳು. ಬಣ್ಣ ಬರುವಷ್ಟೇ ಬೆಲ್ಲ ಹಾಕಿದಳು, ದಾಲ್ಚಿನ್ನಿ ಮುಟ್ಟಲಿಲ್ಲ. ಬೇರೆ ಹಣ್ಣಾಗಿದ್ದರೆ ನೀರಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು. ತೆಹೊಕೋತೆ ಹಾಗಲ್ಲ, ಅಂಟಿನ ಜಾತಿ. ರಟ್ಟೆ ಸೋಲುವಷ್ಟು ತಿರುವಿದ ಮೇಲೆ ಹಾಗೇ ಗಟ್ಟಿಯಾಗಿ ಕೂತಿತು. ತಟ್ಟೆಯಲ್ಲಿ ಕತ್ತರಿಸಿಟ್ಟರೆ ಹವಳದಂತೆ ಹೊಳೆಯಿತು.

ಮರುದಿನ ಆರಾಸೆಲಿಯ ಸರದಿ. ಅಂಗಳದಲ್ಲಿ ಕೂತು, ಉಗುರಿಗೆ ಹಚ್ಚಿದ ಬಣ್ಣ ನೋಡಿಕೊಳ್ಳುತ್ತ ಒಂದೊಂದೇ ಕಾಯಿಯ ಸಿಪ್ಪೆಯನ್ನು ಚಾಕುವಿನಿಂದ ಹೆರೆಯುತ್ತಿದ್ದಳು. ಅರ್ಧ ಹಣ್ಣು ಸಿಪ್ಪೆಯೊಂದಿಗೇ ಹೋಗುತ್ತಿತ್ತು.

"ಅಯ್ಯೋ ದೇವರೇ, ಏನೇ ಅದು? ಆಲೂಗಡ್ಡೆ ಅಂದ್ಕೊಂಡ್ಯಾ?"

"ನನಗೆಲ್ಲಿ ಬರುತ್ತಕ್ಕಾ? ಅತ್ತೆ ನನ್ನ ಕೈಲಿ ಯಾವತ್ತು ಮಾಡಿಸಿದಾರೆ?"

"ಹ್ಞೂಂ, ಹೂವಿನ ಕೈ ಅಲ್ವಾ."

"ನೋಡು, ಅತ್ತೆ ಹೋದ ಮೇಲೂ ಚುಚ್ತೀಯ," ಎಂದು ಆರಾಸೆಲಿ ನಕ್ಕಳು. ಆ ನಗುವೇ ಆಗದು ಒಬ್ದುಲಿಯಾಗೆ. ಆದರೆ ಹಣ್ಣು ಹಾಳಾಗುವುದನ್ನು ನೋಡುತ್ತ ಅವಳ ಕೈ ಸುಮ್ಮನಿರಲಾರದು. ಒಲೆಗೆ ಬೂದಿನೀರು ಇಟ್ಟಳು, ಕಾಯಿ ಹಾಕಿ ತೆಗೆದಳು, ಉಜ್ಜಿ ಉಜ್ಜಿ ಬುಟ್ಟಿ ತುಂಬ ಸುಲಿದು ಕೊಟ್ಟಳು. ಬೆರಳು ಚುರುಗುಟ್ಟುವಾಗ ತನ್ನನ್ನು ತಾನೇ ಬೈದುಕೊಂಡಳು: ಹೊಟ್ಟೆಕಿಚ್ಚು ಪಡೋದಕ್ಕೂ ನಿನಗೆ ಪುರುಸೊತ್ತಿಲ್ವಲ್ಲೇ.

ಪೀಠ ಏರಿತು. ಚೆಂಡುಹೂವಿನ ಕಮಾನು, ಧೂಪ, ದೀಪ, ಜೋಳದ ಹಿಟ್ಟಿನ ತಮಾಲ್ ಕಡುಬು, ಕೋಳಿ ಸಾರು, ನಡುವೆ ಪ್ಲಾಸಿದಾಳ ಫೋಟೋ. ಫೋಟೋದಲ್ಲಿ ಎರಡು ಜಡೆ, ಆರಾಸೆಲಿ ಹಾಕಿದ್ದು. ಎರಡು ತಟ್ಟೆಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರು.

ಎಲ್ಲರೂ ಆಚೆ ಹೋದ ಮೇಲೆ ಒಬ್ದುಲಿಯಾಗೆ ಅತ್ತೆಯ ಮುಖ ನೋಡಲಾಗಲಿಲ್ಲ. ದೂರದ ದಾರಿ ನಡೆದು ಬರುವವಳಿಗೆ ತೊಳೆದ ಹಣ್ಣಿನ ಚರಟ ಬಡಿಸಿದ್ದೇನಲ್ಲ ಎನಿಸಿತು. ಅವಳ ಬಳಿ ಇನ್ನೊಂದಿಷ್ಟು ಹಲ್ವವಿತ್ತು. ಮಣ್ಣಿನ ಕುಡಿಕೆಯಲ್ಲಿ ಬೇರೆಯಾಗಿ ಮಾಡಿದ್ದು. ಬೆಲ್ಲ ತುಂಬ ಹಾಕಿದ್ದು, ದಾಲ್ಚಿನ್ನಿ ಘಮ್ಮೆನ್ನುವುದು. ಯಾಕೆ ಮಾಡಿದೆನೆಂದು ಮಾಡುವಾಗ ಅವಳಿಗೇ ಗೊತ್ತಿರಲಿಲ್ಲ. ಅದನ್ನು ಮುಸುಕಿನಜೋಳದ ಸಿಪ್ಪೆಯಲ್ಲಿ ಸುತ್ತಿ ಫೋಟೋದ ಹಿಂದೆ ಸರಿಸಿದಳು.

"ತಗೊಳ್ಳಿ," ಎಂದಳು. "ಅವತ್ತು ಕೇಳಿದ್ರಲ್ಲ."

ಪೀಠ ಇಳಿಸುವ ದಿನ ಪಕ್ಕದ ಮನೆಯ ಮುದುಕಿ ತೆಕ್ಲಾ ಕರೆಯದೆಯೇ ಬಂದು ಮುಂದೆ ಕೂತಳು. ಎವರಿಸ್ತೋ ಮೊದಲು ಆರಾಸೆಲಿಯ ತಟ್ಟೆಯಿಂದ ತುಂಡು ಕಚ್ಚಿದ. ಕಣ್ಣು ಮುಚ್ಚಿದ. "ಬೆಲ್ಲ ಹಾಗೇ ಇದೆ. ಹುಳೀನೂ ಇದೆ." ಆಮೇಲೆ ಒಬ್ದುಲಿಯಾಳದ್ದು. ಅಗಿದ, ಮತ್ತೆ ಅಗಿದ, ಹೆಂಡತಿಯ ಫೋಟೋದತ್ತ ನೋಡಿದ.

"ಬಂದಿದ್ಲು," ಎಂದ. "ಒಂಚೂರೂ ಬಿಟ್ಟಿಲ್ಲ."

ಹಸಿಂತೋ ತಿಂದ, ಬ್ರೌಲಿಯೋ ತಿಂದ. ಇಬ್ಬರೂ ತಲೆಯಾಡಿಸಿದರು. ತೆಕ್ಲಾ ಬೋಳು ದವಡೆಯಲ್ಲಿ ಹೊರಳಿಸಿ, "ಬದುಕಿದ್ದಾಗ ಸಕ್ಕರೆ ಮುಟ್ಟಿಸ್ಲಿಲ್ಲ ಇವಳು. ಈಗ ಬಡ್ಡಿ ಸಮೇತ ತಿಂದ್ಕೊಂಡು ಹೋದ್ಲು ನೋಡಿ!" ಎಂದಳು. ಎಲ್ಲರೂ ನಕ್ಕರು.

"ಬಾಣಲೆ ಹಿರೀ ಸೊಸೇದು," ಎಂದ ಎವರಿಸ್ತೋ. "ಇನ್ನು ಹಬ್ಬಕ್ಕೆ, ಕ್ರಿಸ್‌ಮಸ್ಸಿಗೆ, ನೆಂಟರಿಗೆ, ಎಲ್ಲ ನೀನೇ ಮಾಡ್ಬೇಕು ಮಗಳೇ. ಪ್ಲಾಸಿದಾ ಥರಾನೇ."

"ಪಾನಕಕ್ಕೂ ಹಣ್ಣು ಸುಲಿದಿಡು," ಎಂದ ಹಸಿಂತೋ.

ಮಾತಾಡುತ್ತಲೇ ಗಂಡಸರ ಕೈಗಳು ಆರಾಸೆಲಿಯ ತಟ್ಟೆಗೆ ಹೋದವು. ಒಂದಾದ ಮೇಲೊಂದು ತುಂಡು ಖಾಲಿಯಾದವು. "ಚೆನ್ನಾಗಿ ಮಾಡಿದೀಯ ಕಣೆ," ಎಂದ ಮಾವ, ಆರಾಸೆಲಿ ನಾಚಿದಳು. ಒಬ್ದುಲಿಯಾ ಸುಲಿದು ಕೊಟ್ಟ ಹಣ್ಣು ಅದು. ಗೆದ್ದ ತಟ್ಟೆಯ ಕಡೆಗೆ ಯಾರೂ ನೋಡಲಿಲ್ಲ. ಕೊನೆಗೆ ತೆಕ್ಲಾ, "ಇದನ್ನ ಹಂದಿಗೆ ಹಾಕ್ಲಾ?" ಎಂದು ಕೇಳಿದಳು.

ಒಬ್ದುಲಿಯಾ ಬಾಣಲೆ ಹೊತ್ತು ಹಿತ್ತಿಲಿಗೆ ಬಂದಳು. ತೆಹೊಕೋತೆ ಮರದ ಕೆಳಗೆ ಕೂತು, ಬೂದಿಗೆ ಹುಳಿಕಾಯಿ ಹಿಸುಕಿ ತಾಮ್ರ ಉಜ್ಜತೊಡಗಿದಳು. ಬಾಣಲೆ ಕೈಗೆ ಬಂತು. ಅತ್ತೆ ಬಂದಳೋ ಇಲ್ಲವೋ ಗೊತ್ತಿಲ್ಲ. ಬಂದಿದ್ದರೂ ಯಾರ ತಟ್ಟೆ ಮುಟ್ಟುತ್ತಿದ್ದಳೋ ತಿಳಿಯುವ ದಾರಿಯನ್ನು ಒಬ್ದುಲಿಯಾ ತಾನೇ ಮುಚ್ಚಿದ್ದಳು. ಆರಾಸೆಲಿಯದ್ದನ್ನಂತೂ ಮುಟ್ಟಿಲ್ಲ. ಉಳಿದದ್ದು ಒಂದೇ ಸಾಕ್ಷಿ. ಅವಳ ನಡುವಿನ ಗಂಟಿನಲ್ಲಿ ಫೋಟೋದ ಹಿಂದಿನ ಪೊಟ್ಟಣವಿತ್ತು.

ಬಿಚ್ಚಿದಳು. ತಿನ್ನಲು ಧೈರ್ಯ ಬರಲಿಲ್ಲ. ತನ್ನ ನಾಲಿಗೆಯನ್ನು ಅವಳು ನಂಬುವಂತಿರಲಿಲ್ಲ. ಬೇಕಾದ ರುಚಿಯನ್ನು ಅದು ತಾನೇ ಹುಟ್ಟಿಸಿಕೊಳ್ಳುತ್ತಿತ್ತು.

ಆರಾಸೆಲಿ ಬಾಡಿದ ಹೂವಿನ ಬುಟ್ಟಿ ಹೊತ್ತು ಹಿತ್ತಿಲಿಗೆ ಬಂದಳು. ಊರಿನಲ್ಲಿ ಅಷ್ಟು ಜನರಿದ್ದೂ ಕೇಳಬೇಕಾದದ್ದು ಇವಳನ್ನೇ.

"ಬಾರೇ ಇಲ್ಲಿ. ಇದನ್ನ ತಿಂದು ನೋಡಿ ಹೇಳು."

"ಏನಕ್ಕಾ ಇದು?"

"ಅತ್ತೆ ಫೋಟೋ ಹಿಂದೆ ಇಟ್ಟಿದ್ದೆ. ನಾನೇ ಮಾಡಿದ್ದು. ತಟ್ಟೇಲಿ ಇಟ್ಟಿದ್ದು ನಿಜವಾದ್ದಲ್ಲ."

ಆರಾಸೆಲಿ ಅವಳ ಮುಖ ನೋಡಿದಳು, ಬಾಣಲೆ ನೋಡಿದಳು. ಅರ್ಥವಾಯಿತು. ಒಬ್ದುಲಿಯಾ ಕಿರುಚಾಟಕ್ಕೆ ಕಾದು ಕೂತಳು. ಆರಾಸೆಲಿ ಬುಟ್ಟಿ ಕೆಳಗಿಟ್ಟು, ಪಕ್ಕದಲ್ಲಿ ಕೂತು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ಸಪ್ಪೆ ಅಕ್ಕಾ," ಎಂದಳು. "ಪೂರ್ತಿ ತಿಂದ್ಬಿಟ್ಟಿದಾರೆ ಅತ್ತೆ. ನಿಂದನ್ನೇ."

ಹೇಳುತ್ತ ಹೇಳುತ್ತಲೇ ಅವಳ ಕೈ ಇನ್ನೊಂದು ಚೂರಿಗೆ ಹೋಯಿತು. ಅದನ್ನೂ ತಿಂದು ಬೆರಳು ನೆಕ್ಕಿದಳು.

ಸಪ್ಪೆ ಹಲ್ವಕ್ಕೆ ಯಾರೂ ಎರಡನೇ ಸಲ ಕೈ ಹಾಕುವುದಿಲ್ಲ. ಆ ಬೆಳಿಗ್ಗೆಯಷ್ಟೇ ಒಬ್ದುಲಿಯಾ ಅದನ್ನು ಕಣ್ಣಾರೆ ಕಂಡಿದ್ದಳು. ಅತ್ತೆಗೂ ಹೀಗೇ ಕೊಟ್ಟಿರಬೇಕು ಇವಳು, ಎರಡು ಯೋಚನೆ ಮಾಡದೆ, ಬೇಕಾದವರಿಗೆ ಬೇಕಾದದ್ದನ್ನು. ಅವಳ ಹೊಟ್ಟೆಯೊಳಗಿನ ಹಸಿ ಕಟ್ಟಿಗೆ ಮತ್ತೆ ಹೊಗೆಯಾಡಿತು. ಸುಳ್ಳು ಹೇಳಿದರೂ ಇವಳದ್ದು ಹೂವಿನ ಕೈಯೇ.

"ಡಿಸೆಂಬರಿಗೆ ಬಾಣಲೆ ಮುಂದೆ ನೀನೂ ನಿಂತ್ಕೋ," ಎಂದಳು ಒಬ್ದುಲಿಯಾ.

"ಬೇಡಕ್ಕಾ, ಸಿಡಿಯುತ್ತೆ. ಕೈಯೆಲ್ಲ ಕಲೆ ಆಗುತ್ತೆ."

"ಆಗ್ಲಿ. ಆ ಕೈ ಮೇಲೆ ಒಂದಾದ್ರೂ ಕಲೆ ನೋಡ್ಬೇಕು ನಾನು."

ಆರಾಸೆಲಿ ಜೋರಾಗಿ ನಕ್ಕು ಉಳಿದ ಚೂರಿಗೆ ಕೈ ಚಾಚಿದಳು. ಒಬ್ದುಲಿಯಾ ಪೊಟ್ಟಣವನ್ನು ಆಚೆ ಸರಿಸಿ, ಆ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡಳು.