ಹೊಗಳಿದ ಬಾಯಲ್ಲೇ

ಇಸ್ಮೇ ಟ್ರಿಮ್ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಎಪ್ಪತ್ತೊಂದು ವರ್ಷವಾಗಿತ್ತು. ಹೊತ್ತೇರಿದರೂ ಅಡುಗೆಮನೆಯಲ್ಲಿ ಕೋಕೋ ಕಾಯಿಸುವ ವಾಸನೆ ಬರಲಿಲ್ಲವೆಂದು ಪಕ್ಕದ ಮನೆಯ ವರ್ನೆಟ್ ಟೀಚರ್ ಬಾಗಿಲು ತಳ್ಳಿ ನೋಡಿದಾಗ ಮೈ ಆಗಲೇ ತಣ್ಣಗಾಗಿತ್ತು. ಶುಕ್ರವಾರ ಮಣ್ಣು ಮಾಡಿದರು. ಇಸ್ಮೇ ಎಲ್ಲರನ್ನೂ ಕ್ಷಮಿಸಿ ಹೋದಳು ಎಂದು ಪಾದ್ರಿಗಳು ಹೇಳಿದರು. ಅದು ನಿಜವಲ್ಲ. ಅವಳು ಕ್ಷಮಿಸಿರಲಿಲ್ಲ. ಅವಳನ್ನು ಬಲ್ಲವರು ಅಷ್ಟನ್ನಾದರೂ ಸರಿಯಾಗಿ ಹೇಳಬೇಕು.

ಟೊಬೇಗೊ ದ್ವೀಪದ ಉತ್ತರ ದಂಡೆಯ ಈ ಪುಟ್ಟ ಕೊಲ್ಲಿಯಲ್ಲಿ ಗುಡ್ಡದ ಮೇಲೆ ಡ್ಯೂಕ್ ಮನೆಯವರ ಅತಿಥಿಗೃಹವಿದೆ. ಆರೇ ಕೋಣೆ. ಇಸ್ಮೇ ಅಲ್ಲಿ ಕೆಲಸಕ್ಕೆ ಸೇರಿದಾಗ ಅದು ಬರೀ ಮನೆಯಾಗಿತ್ತು, ಆ ಮನೆಯ ಮೂರು ತಿಂಗಳ ಮಗು ರೋಲಂಡನನ್ನು ನೋಡಿಕೊಳ್ಳಲು ಅವಳನ್ನು ಕರೆದಿದ್ದರು. ರೋಲಂಡ್ ದೊಡ್ಡವನಾದ, ಮನೆ ಅತಿಥಿಗೃಹವಾಯಿತು, ಅವಳ ಸೊಂಟದ ಮೇಲೆ ರಜೆಗೆ ಬಂದವರ ಮಕ್ಕಳು ಕೂತರು. ಅಪ್ಪ ಅಮ್ಮ ಆಮೆ ನೋಡಲು, ಮುಳುಗಿ ಈಜಲು ಹೋದರೆ ಮಗು ಇಸ್ಮೇಯ ಎಡಸೊಂಟಕ್ಕೆ. ಬಲಗೈ ಯಾವಾಗಲೂ ಕೆಲಸಕ್ಕೆ ಬೇಕು.

ಅವಳಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ಅವರ ಹೆದರಿಕೆ ನೆನಪಿರುತ್ತಿತ್ತು. ಕೋಳಿಗೆ ಹೆದರುವ ಹುಡುಗಿ. ಫ್ಯಾನಿಗೆ ಹೆದರುವ ಅವಳಿ ಗಂಡುಮಕ್ಕಳು. ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ. ಗಂಡ ದೋಣಿಯವನಾಗಿದ್ದ. ಅವನು ಹೋಗಿ ಬಹಳ ಕಾಲವಾಗಿತ್ತು, ಆ ಮಾತನ್ನು ಅವಳು ಎತ್ತುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಮರಳಿಗೆ ಹೆದರುವ ಮಗು ಬಂತು. ಹೆಸರು ಟಿಲ್ಡ, ಹದಿನಾಲ್ಕು ತಿಂಗಳು. ಅಪ್ಪ ಯೋರ್ಗ್, ಅಮ್ಮ ಮಾರೆನ್, ಡೆನ್ಮಾರ್ಕಿನವರು, ಎರಡು ವಾರದ ರಜೆ. ಮಗು ಹುಟ್ಟಿದಾಗಿನಿಂದ ಸರಿಯಾಗಿ ನಿದ್ದೆ ಕಂಡಿಲ್ಲವೆಂದು ಮಾರೆನ್ ಬಂದ ದಿನವೇ ಹೇಳಿಕೊಂಡಳು. ಮರಳಿನ ಮೇಲೆ ಇಳಿಸಿದರೆ ಟಿಲ್ಡ ಕಾಲು ಮಡಚಿಕೊಂಡು ಕಿರುಚುತ್ತಿದ್ದಳು. ಇಸ್ಮೇ ಮೂರು ದಿನ ಅವಳನ್ನು ಹೊತ್ತು ತಿರುಗಿದಳು. ನಾಲ್ಕನೆಯ ದಿನ ಅಲೆ ಬಂದು ಹೋದ ಒದ್ದೆ ಜಾಗದಲ್ಲಿ ತಾನೇ ಕೂತು ತನ್ನ ಪಾದದ ಮೇಲೆ ಮಗುವಿನ ಪಾದ ಇಡಿಸಿಕೊಂಡಳು. ಐದನೆಯ ದಿನ ಮಗು ಮರಳು ತಿಂದಿತು. ಮಾರೆನ್ ನಕ್ಕಿದ್ದನ್ನು ಎಲ್ಲರೂ ಮೊದಲ ಸಲ ನೋಡಿದ್ದು ಆಗ.

ಎರಡನೆಯ ವಾರದ ಬುಧವಾರ ಯೋರ್ಗ್ ಈಜಲು ಹೋಗಿದ್ದ. ಇಸ್ಮೇ ತಾಯಿ ಮಗುವನ್ನು ದೋಣಿಕಟ್ಟೆಗೆ ಕರೆದುಕೊಂಡು ಹೋದಳು. ಮೀನು ಇಳಿಯುವ ಹೊತ್ತು. ಕೆಂಚು ಕೂದಲಿನ ಮಗುವನ್ನು ಕಂಡು ದೋಣಿಯವರೆಲ್ಲ ಏನು ಚೆಂದ, ಏನು ಚೆಂದ ಎಂದು ಕೆನ್ನೆ ಹಿಂಡಿದರು. ಇಲ್ಲಿ ಒಂದು ಪದ್ಧತಿಯಿದೆ. ಮಗುವನ್ನು ಹೊಗಳಿದ ಬಾಯಲ್ಲೇ, ಅದೇ ಉಸಿರಿನಲ್ಲಿ, 'ದೇವರು ಕಾಯ್ಲಿ' ಅನ್ನಬೇಕು. ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ. ಅವತ್ತು ಮೀನು ತುಂಬಾ ಬಿದ್ದಿತ್ತು, ಎಲ್ಲರಿಗೂ ಅವಸರ, ಒಬ್ಬನೂ ಅನ್ನಲಿಲ್ಲ.

ಗುಡ್ಡ ಹತ್ತುವಷ್ಟರಲ್ಲಿ ಮಗು ಅಳಲು ಹಿಡಿಯಿತು. ಹಾಲು ಬೇಡ, ಬಾಳೆಹಣ್ಣು ಬೇಡ. ಎರಡು ಗಂಟೆ ಕಳೆದರೂ ನಿಲ್ಲಲಿಲ್ಲ. ಜ್ವರವಿರಲಿಲ್ಲ. ಮಾರೆನ್ ವರಾಂಡದಲ್ಲಿ ಕೂತು ತಾನೂ ಅಳತೊಡಗಿದಳು. ನಮ್ಮಲ್ಲಿ ಇದಕ್ಕೆ ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡಿಸುತ್ತೇವೆ, ಮಾಡಿಸಲೇ ಎಂದು ಇಸ್ಮೇ ಕೇಳಿದಳು.

"ಮಾಡಿ, ಏನಾದ್ರೂ ಮಾಡಿ" ಅಂದಳು ಮಾರೆನ್. "ನನ್ ಕೈಲಿ ಆಗ್ತಿಲ್ಲ."

ಹಿತ್ತಿಲಿಂದ ಸೊಪ್ಪು ಕೊಯ್ದು ತಂದವನು ರೋಲಂಡ್. ಬಟ್ಟೆ ಒಗೆಯುವ ಕೋಣೆಯಿಂದ ನೀಲಿ ತಂದವನೂ ಅವನೇ. ಬೇಸಿನ್‌ನಲ್ಲಿ ಮಗುವನ್ನು ಕೂರಿಸಿ ಇಸ್ಮೇ ತಲೆಯಿಂದ ಕೆಳಕ್ಕೆ ನೀರು ಇಳಿಸಿದಳು, ಮಾರೆನ್ ಒಂದು ಕೈ ನೀರಿನಲ್ಲಿಟ್ಟು ಮಗುವಿನ ಬೆನ್ನಿಗೆ ಆಸರೆ ಕೊಟ್ಟಳು. ಅಂಗಾಲಿಗೆ ನೀಲಿಯ ಬೊಟ್ಟು ಇಟ್ಟದ್ದಾಯಿತು. ಮಾರೆನ್ ತನ್ನ ಫೋನು ಕೊಟ್ಟು ರೋಲಂಡನಿಂದ ಒಂದು ಫೋಟೋ ತೆಗೆಸಿಕೊಂಡಳು. ಅಂದು ಟಿಲ್ಡ ಸೂರ್ಯ ಮುಳುಗುವ ಮೊದಲೇ ಮಲಗಿದಳು, ಬೆಳಗಿನವರೆಗೆ ಏಳಲಿಲ್ಲ.

ಹೊರಡುವ ದಿನ ಇಸ್ಮೇ ತನ್ನ ತಗಡಿನ ಡಬ್ಬಿಯಿಂದ ಗುಲಗಂಜಿಯ ಕೈಸರ ತೆಗೆದು ಮಗುವಿನ ಮಣಿಕಟ್ಟಿಗೆ ಕಟ್ಟಿದಳು. ಕೆಂಪು ಮೈ, ಕಪ್ಪು ಕಣ್ಣು, ಕೆಟ್ಟ ಕಣ್ಣನ್ನು ತಿರುಗಿಸುವ ಬೀಜ. ಅವಳ ಅಮ್ಮ ಅವಳಿಗೇ ಕಟ್ಟಿದ್ದ ಸರ ಅದು. ಮುಂದೆ ಕಟ್ಟಲು ತನ್ನದೇ ಮಗುವಿನ ಕೈಯಿಲ್ಲದೆ ಅರವತ್ತು ಚಿಲ್ಲರೆ ವರ್ಷ ಡಬ್ಬಿಯಲ್ಲಿತ್ತು. ಮಾರೆನ್ ಅವಳನ್ನು ತಬ್ಬಿಕೊಂಡಳು. ಮೂರು ವಾರಕ್ಕೆ ಆ ಫೋಟೋ ಅಂಚೆಯಲ್ಲಿ ಬಂತು. ಹಿಂದೆ ಕೈಬರಹದಲ್ಲಿ: ನನಗೆ ಇನ್ನೊಬ್ಬ ತಾಯಿಯಾದ ಇಸ್ಮೇಗೆ.

ಜೂನ್ ತಿಂಗಳಲ್ಲಿ ವರ್ನೆಟ್ ಟೀಚರ್ ಫೋನು ಹಿಡಿದುಕೊಂಡು ಬಂದಳು. ಪ್ರವಾಸಿಗರು ತಂಗಿದ ಜಾಗಗಳ ಬಗ್ಗೆ ಬರೆಯುವ ಪುಟದಲ್ಲಿ ಮಾರೆನ್ ಬರೆದಿದ್ದಳು. ಅತಿಥಿಗೃಹ ಚೆನ್ನಾಗಿದೆ, ಸಮುದ್ರ ಚೆನ್ನಾಗಿದೆ. ಆದರೆ ಅಲ್ಲಿಯ ಮುದುಕಿಯೊಬ್ಬಳು ನಮಗೆ ತಿಳಿಯದಂತೆ ನಮ್ಮ ಮಗುವಿನ ಮೇಲೆ ಏನೋ ಮಾಟದ ವಿಧಿ ನಡೆಸಿದಳು, ಅಗಿದರೆ ಪ್ರಾಣ ತೆಗೆಯುವ ವಿಷದ ಬೀಜವನ್ನು ಕೈಗೆ ಕಟ್ಟಿದಳು. ಮಕ್ಕಳಿರುವವರು ಎಚ್ಚರ.

ಕೆಳಗೆ ರೋಲಂಡನ ಉತ್ತರವಿತ್ತು. ವರ್ನೆಟ್ ಅದನ್ನು ಓದಲು ಹಿಂಜರಿದಳು. ಇಸ್ಮೇ ಓದು ಅಂದಳು. ಇದು ನಮಗೂ ತಿಳಿಯದೆ ನಡೆದದ್ದು, ಇಂಥದ್ದನ್ನು ನಾವು ನಂಬುವುದಿಲ್ಲ, ಆ ಹೆಂಗಸನ್ನು ಕೆಲಸದಿಂದ ತೆಗೆದಿದ್ದೇವೆ.

ಕೆಲಸ ಹೋದದ್ದು ಇಸ್ಮೇಗೆ ತಿಳಿದದ್ದು ಹೀಗೆ. ಅವತ್ತು ಬೆಳಿಗ್ಗೆ ಕೂಡ ಅವಳು ಅಲ್ಲಿ ಹಾಸಿಗೆ ಬಟ್ಟೆ ಮಡಚಿ ಬಂದಿದ್ದಳು. ಇನ್ನೊಂದು ಸಲ ಓದಿಸಿದಳು. ಆಮೇಲೆ ಏಡಿ ಬೇಯುತ್ತಿದ್ದ ಒಲೆ ಆರಿಸಿದಳು.

"ಬೀಜದ ತಪ್ಪು ನಂದು" ಅಂದಳು. "ವಿಷ ಅಂತ ಗೊತ್ತಿತ್ತು. ನಮ್ ಮಕ್ಕಳ್ಯಾರೂ ಅಗಿದಿಲ್ಲ, ಅದೂ ಅಗಿಯಲ್ಲ ಅನ್ಕೊಂಡೆ. ಮರಳು ತಿಂದಿದ್ದನ್ನ ನಾನೇ ನೋಡಿದ್ದೆ, ಆದ್ರೂ ಹೊಳೀಲಿಲ್ಲ. ಅದನ್ನ ನೂರು ಸಲ ಬರೀಲಿ. ಆದ್ರೆ ಗೊತ್ತಿಲ್ದೆ ಮಾಡಿದ್ಲು ಅಂತ ಹೇಗೆ ಬರೀತಾಳೆ ವರ್ನೆಟ್? ನೀರಲ್ಲಿ ಅವಳ ಕೈಯೂ ಇತ್ತಲ್ಲ."

ಗಂಡ ಕೇಳಿರಬೇಕು, ಗಂಡನಿಗೆ ಹೆದರಿ ಹಾಗಂದಿರಬೇಕು ಎಂಬುದು ವರ್ನೆಟ್‌ಳ ಊಹೆ. ಇಸ್ಮೇಗೆ ಊಹೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಸಾಲು: ಮಾಡಿ ಅಂದದ್ದು ನಾನೇ ಎಂದು ಮಾರೆನ್ ಬರೆಯಬೇಕು. ನಲವತ್ತು ವರ್ಷ ಎಷ್ಟೋ ಜನರ ಮಕ್ಕಳನ್ನು ಎತ್ತಿದ ಕೈ, ತಾಯಿಯ ಬೆನ್ನ ಹಿಂದೆ ಮಗುವಿಗೆ ಏನೋ ಮಾಡಿತು ಅನ್ನಿಸಿಕೊಂಡು ಹೋಗಬಾರದು. ಪತ್ರ ಬರೆಸಿದಳು. ಉತ್ತರವಿಲ್ಲ. ಎರಡನೆಯದು ಬರೆಸಿದಳು. ಅದಕ್ಕೂ ಇಲ್ಲ.

ರೋಲಂಡ್ ಒಂದು ಭಾನುವಾರ ಬಂದು ಮೆಟ್ಟಿಲ ಕೆಳಗೇ ನಿಂತ. ಊರಿನ ಕಿರಿಯರಿಗೆಲ್ಲ ಇದ್ದಂತೆ ಅವನಿಗೂ ಅವಳು ಟಾಂಟಿ, ಅಂದರೆ ಅತ್ತೆ. ಟಾಂಟಿ, ಅದು ಬರೀ ಬರಹ, ಹಾಗೆ ಬರೆಯದಿದ್ದರೆ ಯಾರೂ ಬರುವುದಿಲ್ಲ, ಹೊಟ್ಟೆಗೆ ಹಾಕಿಕೋ ಎಂದ. ಇಸ್ಮೇ ಅವನನ್ನೇ ನೋಡಿದಳು.

"ಸೊಪ್ಪು ತಂದಿದ್ ಯಾರು, ರೋಲಂಡ್?"

ಅವನು ಚಪ್ಪಲಿ ನೋಡಿಕೊಂಡ.

"ನಿನ್ ಅಂಗಾಲಿಗೂ ಇಟ್ಟಿದ್ದೀನಿ ಆ ನೀಲೀನ. ತೊಳ್ಕೊಂಡ್ಯಾ?"

ಫೋಟೋ ಆ ಪುಟಕ್ಕೆ ಹಾಕೋಣ ಎಂದು ವರ್ನೆಟ್ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮಾರೆನ್‌ಳ ಕೈ, ಉಂಗುರ, ನಗು, ಹಿಂದಿನ ಬರಹ, ಎಲ್ಲ ಅಲ್ಲೇ ಇದೆ. ಒಂದು ದಿನದಲ್ಲಿ ಸುಳ್ಳು ಬಯಲಾಗುತ್ತದೆ. ಇಸ್ಮೇ ಒಪ್ಪಲಿಲ್ಲ. ಬರಿಮೈಯ ಮಗು. ಲೋಕವೆಲ್ಲ ನೋಡುತ್ತದೆ, ಚೆಂದ ಅನ್ನುತ್ತದೆ. ಅಷ್ಟು ಜನರಲ್ಲಿ ದೇವರು ಕಾಯ್ಲಿ ಅನ್ನುವವರು ಯಾರು? ತಾನು ಇಳಿಸಿದ ದೃಷ್ಟಿಯನ್ನು ತಾನೇ ಹೊರಿಸಬೇಕೇ? ವರ್ನೆಟ್ ಸಿಟ್ಟಾಗಿ ಹದಿನೈದು ದಿನ ಮಾತು ಬಿಟ್ಟಳು. ಫೋಟೋ ತಗಡಿನ ಡಬ್ಬಿಯಲ್ಲಿ, ಕೈಸರ ಇದ್ದ ಜಾಗದಲ್ಲಿ ಉಳಿಯಿತು.

ಹೀಗೆ ಮೂರು ವರ್ಷ. ಇಸ್ಮೇ ಹಿತ್ತಿಲಲ್ಲಿ ಗೆಡ್ಡೆ ಬೆಳೆದಳು, ಚರ್ಚಿಗೆ ಹೋದಳು. ಊರಿನವರು ಅವಳ ಬಳಿ ಮಕ್ಕಳನ್ನು ಬಿಡುವುದನ್ನು ನಿಲ್ಲಿಸಲಿಲ್ಲ, ಆದರೆ ಅವಳೇ ಈಗ ಪ್ರತಿ ಸಲ ಕೇಳತೊಡಗಿದಳು: ಎತ್ತಿಕೊಳ್ಳಲಾ? ತಲೆ ಮುಟ್ಟಲಾ? ಕೇಳಿಸಿಕೊಂಡ ತಾಯಂದಿರಿಗೇ ನಾಚಿಕೆಯಾಗುತ್ತಿತ್ತು.

ಕಳೆದ ಶನಿವಾರ ರೋಲಂಡ್ ಮತ್ತೆ ಬಂದ. ಡೆನ್ಮಾರ್ಕಿನವರು ಮತ್ತೆ ಬರುತ್ತಿದ್ದಾರಂತೆ, ಮುಂದಿನ ಶನಿವಾರ. ಮಗುವಿಗೆ ನಾಲ್ಕು ವರ್ಷ. ಅಷ್ಟು ಚೆನ್ನಾದ ರಜೆ ಮತ್ತೆ ಸಿಕ್ಕೇ ಇಲ್ಲವೆಂದು ಮಾರೆನ್ ಬರೆದಿದ್ದಾಳೆ. ಆ ಮುದುಕಿ ಅಲ್ಲಿಲ್ಲ ತಾನೇ ಎಂದೂ ಕೇಳಿದ್ದಾಳೆ.

"ಎರಡೇ ವಾರ, ಟಾಂಟಿ" ಅಂದ ರೋಲಂಡ್. "ಸ್ಕಾರ್ಬರೋದಲ್ಲಿ ತಂಗಿ ಮನೇಗೆ ಹೋಗ್ಬಿಟ್ಟು ಬಾ. ದಾರೀಲಿ ಎದುರಾದ್ರೆ ಚೆನ್ನಾಗಿರಲ್ಲ."

ಅವಳ ಮುಖ ನನಗೂ ನೋಡಬೇಕಿಲ್ಲ ಅಂದಳು ಇಸ್ಮೇ. ತಂಗಿಗೆ ಫೋನು ಮಾಡಿ ಬುಧವಾರದ ಬಸ್ಸಿಗೆ ಬರುವುದಾಗಿ ಹೇಳಿದಳು. ಊರು ಬಿಟ್ಟು ಹೋಗಬೇಕಾದವಳು ನೀನಾ ಎಂದು ವರ್ನೆಟ್ ಕೂಗಾಡಿದಳು. ಇಸ್ಮೇ ಬಟ್ಟೆ ಮಡಚುತ್ತಲೇ ಇದ್ದಳು.

ಸೋಮವಾರ, ತೀರಿಕೊಳ್ಳುವ ಹಿಂದಿನ ದಿನ, ಮೀನು ಇಳಿಯುವ ಹೊತ್ತಿಗೆ ಅವಳು ಕೋಲು ಹಿಡಿದು ದೋಣಿಕಟ್ಟೆಗೆ ಹೋದಳು. ಒಂದೊಂದು ದೋಣಿಯ ಹತ್ತಿರವೂ ನಿಂತಳು. ಶನಿವಾರ ಆ ಕೆಂಚುಗೂದಲಿನ ಮಗು ಬರುತ್ತದೆ, ನಾನು ಇರುವುದಿಲ್ಲ, ಚೆಂದ ಅಂದರೆ ಹಿಂದೆಯೇ ಹೇಳಬೇಕಾದ್ದನ್ನು ಹೇಳಿ ಎಂದಳು. ಕೆಲವರು ತಲೆಯಾಡಿಸಿದರು. ಕೊನೆಯ ದೋಣಿಯಲ್ಲಿ ಬಲೆ ಹೊಲಿಯುತ್ತಿದ್ದ ಫಿಟ್ಜ್‌ರಾಯ್ ಸೂಜಿ ಕೆಳಗಿಟ್ಟ.

"ಆ ಹೆಂಗಸು ನಿನ್ ಮುಖಕ್ಕೆ ಮಸಿ ಬಳಿದ್ಲು. ನೀನು ಅವಳ ಮಗೂಗೆ ಕಾವಲು ಹಾಕ್ತಿದ್ದೀಯ. ತಲೆ ಕೆಟ್ಟಿದ್ಯಾ, ಟಾಂಟಿ?"

"ಮಗು ಬರೆದಿತ್ತಾ?"

"ಇಲ್ಲ."

"ಹಂಗಾದ್ರೆ ಹೇಳು. ಹೇಗಂತೀಯ, ಹೇಳಿ ತೋರ್ಸು."

ಅವನು ಸುತ್ತ ನೋಡಿದ. ಉಳಿದವರು ನಗುತ್ತಿದ್ದರು. "ಮಗು ಚೆಂದಾಗಿದೆ" ಅಂದ. ಗಂಟಲು ಸರಿಮಾಡಿಕೊಂಡ. "ದೇವರು ಕಾಯ್ಲಿ."

"ಮಧ್ಯ ಉಸಿರು ತಗೊಂಡೆ" ಅಂದಳು ಇಸ್ಮೇ. "ಇನ್ನೊಂದ್ ಸಲ."

ಅವನು ಇನ್ನೊಂದು ಸಲ ಹೇಳಿದ. ಅವಳು ಕೋಲೂರಿಕೊಂಡು ಮನೆಗೆ ಹೋದಳು.