ಒಳಹೋಗದ ಅಚ್ಚು

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಹುಬ್ಬಳ್ಳಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ. ನಿಮ್ಮದೂ ಇಂಥದೊಂದು ಮನೆ ಕಣ್ಣೆದುರಿಗೇ ಹೋಗಿದ್ದರೆ ನನ್ನ ಮಾತು ನಿಮಗೆ ತಿಳಿಯುತ್ತದೆ. ಪಡಸಾಲೆಯ ಅರ್ಧ ಜಾಗ ಅಪ್ಪನ ಮೋಟರ್‌ಸೈಕಲ್ಲಿನದು. ಅದರ ಪಕ್ಕಕ್ಕೆ ಜೋಡಿಸಿದ ಒಂಟಿ ಗಾಲಿಯ ಪೆಟ್ಟಿಗೆಗೆ ನಾವು ತೊಟ್ಟಿಲು ಅನ್ನುತ್ತಿದ್ದೆವು. ಅದು ಆಯಿಯ ಜಾಗ. ಆಯಿ ಅಂದರೆ ಅಪ್ಪನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವಳ ಸೊಂಟ ಚಕ್ಕಡಿಯ ಕುಲುಕಾಟ ತಡೆಯುತ್ತಿರಲಿಲ್ಲ. ಮೋಟರ್‌ಸೈಕಲ್ಲೇನು ಕಡಿಮೆಯಿರಲಿಲ್ಲ, ಒಂದು ಗುಂಡಿ ಸಿಕ್ಕರೆ ಇಡೀ ಗಾಡಿ ಎಗರಿ ಬೀಳುತ್ತಿತ್ತು. ಬೈರಿದೇವರಕೊಪ್ಪಕ್ಕೆ ಹೋಗಿ ಬರುವುದರೊಳಗೆ ಆಯಿಗೆ ಸಾಕುಬೇಕಾಗಿ ಹೋಗುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಗುಜರಿಯಲ್ಲಿ ಅಪ್ಪನಿಗೆ ಹೊಸ ಮಾದರಿಯ ಫೋರ್ಕು ಸಿಕ್ಕಿತು. ಮುಂದಿನ ಗಾಲಿಯನ್ನು ಹಿಡಿಯುವ ಅದರ ಎರಡು ಕಾಲುಗಳ ಒಳಗೇ ಗುಂಡಿಯ ಧಕ್ಕೆ ನುಂಗುವ ಸ್ಪ್ರಿಂಗು, ಎಣ್ಣೆ ಎಲ್ಲ ಇದ್ದವು. ಅಪ್ಪ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದ.

ಅದೇ ಹೊತ್ತಿಗೆ ಗಬ್ಬೂರಿನಾಚೆಯ ಹಳ್ಳಿಯಿಂದ ಆಯಿಯ ಅಕ್ಕ ಹೇಳಿಕಳಿಸಿದಳು. ಹಾಸಿಗೆ ಹಿಡಿದಿದ್ದೇನೆ, ಒಮ್ಮೆ ಮುಖ ತೋರಿಸಿ ಹೋಗು ಅಂತ. ಅಪ್ಪ ಹಳೆಯ ಫೋರ್ಕು ಬಿಚ್ಚಿ ಹೊಸದನ್ನು ಕೂಡಿಸಿದ. ಗಾಲಿಯ ಅಚ್ಚು ಮಾತ್ರ ಕೂಡಲಿಲ್ಲ. ಹೊಸ ಫೋರ್ಕಿನ ತೂತು ದೊಡ್ಡದು, ನಮ್ಮ ಅಚ್ಚು ಸಣ್ಣದು. ಲೇಥಿನ ಖಾದರಸಾಬರಿಂದ ಅಚ್ಚಿನ ಮೇಲೆ ತೊಡಿಸುವ ಹಿತ್ತಾಳೆಯ ಬುಷ್ ಮಾಡಿಸಿ ತಂದ. ಮೊದಲನೆಯದು ಸಡಿಲವಾಗಿ ಗಾಲಿ ಕುಡಿದವರ ಹಾಗೆ ಓಲಾಡಿತು. ಎರಡನೆಯದು ಬಿಗಿಯಾಗಿ ಅರ್ಧಕ್ಕೇ ನಿಂತಿತು. ಎಣ್ಣೆ ಬಿಟ್ಟ, ಕಟ್ಟಿಗೆ ಕೊಟ್ಟು ಬಡಿದ, ತಿರುವಿದ, ಬೈದ. ಅದು ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಹೇಗೋ ಹೊರಕ್ಕೆ ಕಿತ್ತ, ಅಂಗೈ ಸುಲಿದಿತ್ತು.

ಬೆಳಗಾದರೆ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಅಪ್ಪ ಏಳುವುದರೊಳಗೆ ಆಯಿ ನಟ್ಟು ತಿರುವುವ ಪಾನಾ, ಸುತ್ತಿಗೆ, ಲೋಹ ತಿಕ್ಕುವ ಕಾನಸು ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಜಗಲಿಯ ಮೇಲೆ ಇಟ್ಟಾಗಿತ್ತು. ಅಪ್ಪ ಖಾದರಸಾಬರ ಕಡೆ ಓಡಿದ. ಅಲ್ಲಿಯೂ ಲೇಥಿಗೆ ಮಾಲೆ ಬಿದ್ದಿತ್ತು. ಬರಿಗೈಯಲ್ಲಿ ಬಂದವನು ಆಯಿಯ ಮುಂದೆ ನಿಂತ.

"ಅವ್ವಾ, ಕಾನಸ ಒಂದ ಕೊಡು. ಬುಷ್ ನಾಕ ಸಲ ತಿಕ್ಕಿದ್ರ ಒಳಗ ಹೋಗತೈತಿ."

"ಪೂಜಿಗೆ ಇಟ್ಟ ಹತ್ಯಾರ ಇವತ್ತ ಮುಟ್ಟಬಾರ್ದಪಾ. ನಾಳೆ ದಸಮಿ, ಎತ್ತಿಕೊಡತೇನಿ."

"ನಿಮ್ಮಕ್ಕ ನಾಳಿತನಕಾ ಇರತಾಳೇನ?"

"ಇರತಾಳ. ನಾ ಬರತೇನಿ ಅಂತ ಹೇಳಿ ಕಳಿಸೇನಲ್ಲ."

ಹೋಗಬೇಕಾದವಳೂ ಅವಳೇ, ತಡೆದವಳೂ ಅವಳೇ. ಅಪ್ಪ ಇಡೀ ದಿನ ಗಾಡಿಯ ಸುತ್ತ ಸುತ್ತಿದ. ಹೋಳಿಗೆ ಮುಟ್ಟಲಿಲ್ಲ. ಮನೆತುಂಬ ಹಬ್ಬದಡಿಗೆಯ ಪರಿಮಳ. ನನಗಂತೂ ಜಗಲಿಗೆ ಕೈಹಾಕಿ ಆ ಕಾನಸನ್ನು ಎಳೆದು ಅಪ್ಪನ ಕೈಗಿಡಬೇಕು ಅನ್ನಿಸುತ್ತಿತ್ತು.

ದಸಮಿಯ ಬೆಳಿಗ್ಗೆ ಆಯಿ ಮಂಗಳಾರತಿ ಮಾಡಿ ಕಾನಸು ಕೊಟ್ಟಳು. ಅಪ್ಪ ತಿಕ್ಕಿದ. ಅಚ್ಚು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಒಳಗೆ ಹೋಯಿತು. ನಟ್ಟು ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಹಳ್ಳಿಯ ಆಳು ಬಂದು ನಿಂತ. ಆಯಿಯ ಅಕ್ಕ ನಸುಕಿನಲ್ಲಿ ತೀರಿಕೊಂಡಳು, ರಾತ್ರಿಯೆಲ್ಲ ತಂಗಿಯ ಹೆಸರು ಹಿಡಿದು ಕೂಗುತ್ತಿದ್ದಳು ಅಂದ.

ಆಯಿ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ತೊಟ್ಟಿಲಲ್ಲಿ ಕೂತಳು, ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಗಬ್ಬೂರು ದಾಟಿದ ಮೇಲೆ ರಸ್ತೆ ಬರೀ ಕಲ್ಲು, ಗುಂಡಿ. ಹಳ್ಳಿ ಹತ್ತಿರ ಬಂದಾಗ ಅವಳು ಅಪ್ಪನ ಕಡೆ ಬಾಗಿ, "ಒಂದ ಧಕ್ಕಾನೂ ಹತ್ತಲಿಲ್ಲ ನೋಡಪಾ. ಭಾಳ ಛಲೋ ಕೂಡಿಸೀಯಿ," ಅಂದಳು.

ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಆಯಿಯ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಅವತ್ತು ಹಾಗೆ ಹೊಗಳುವ ಬದಲು ಆಯಿ ಅಪ್ಪನನ್ನು ಬಾಯಿಗೆ ಬಂದಂತೆ ಬೈದಿದ್ದರೆ ಹೋಗುತ್ತಿತ್ತೇನೋ.