ಕಟ್ಟಿನ ಮೇಲೆ ಕೂತಿದ್ದು

ಕೂತಲ್ಲೇ ಕರೆಯೋಲೆ ಮಾಡಿ ಮೊಬೈಲಿನಲ್ಲಿ ಕಳಿಸುವ ಕಾಲವಲ್ಲ ಅದು. ಎಪ್ಪತ್ತರ ದಶಕ. ಲಗ್ನಪತ್ರಿಕೆ ಬೇಕೆಂದರೆ ಹೊಸನಗರದ ಕಡೆಯವರೂ ಬಸ್ಸು ಹತ್ತಿ ಸಾಗರಕ್ಕೆ ಬರುತ್ತಿದ್ದರು. ಅಲ್ಲಿ ನನ್ನ ಸೋದರಮಾವನ ಪ್ರೆಸ್ಸಿತ್ತು. ಮದುವೆ ಸೀಸನ್ನಿಗೆ ಸಹಾಯಕ್ಕಿರಲಿ ಎಂದು ನನ್ನನ್ನು ಅಲ್ಲಿ ಬಿಟ್ಟಿದ್ದರು. ನನಗೆ ಹನ್ನೆರಡು ವರ್ಷ. ಕೆಲಸ ಬಂದರೆ ಅಲ್ಲೇ ಇರಬಹುದು, ಇಲ್ಲವಾದರೆ ಊರಿಗೆ ಹೋಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ತಿರುಗಬೇಕು. ನನಗೆ ಊರು ಬೇಡವಾಗಿತ್ತು. ಅದಕ್ಕೇ ನಾಲ್ಕನೇ ಕ್ಲಾಸು ಓದಿದ್ದೇನೆಂದು ಸುಳ್ಳು ಹೇಳಿದ್ದೆ. ಒಂದನೇ ಕ್ಲಾಸಿನ ಅರ್ಧಕ್ಕೇ ಬಿಡಿಸಿದ್ದರು. ಅಕ್ಷರ ಬರುತ್ತಿರಲಿಲ್ಲ.

ಕಣ್ಣು ಚುರುಕಾಗಿತ್ತು. ಅಚ್ಚಿನ ಮೊಳೆ ಜೋಡಿಸುವುದು ಮಾವನ ಕೆಲಸ. ಸುತ್ತ ಬಳ್ಳಿಯ ಬಾರ್ಡರು, ಮೇಲೆ ಗಣಪತಿ ಬ್ಲಾಕು ಕೂರಿಸುವುದು ನನ್ನದು. ಎಲ್ಲಿ ಏನಿಟ್ಟರೆ ಚೆಂದ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದಕ್ಕೆ ಕೈ ತುರಿಸುತ್ತಿತ್ತು. ಓದಿದವರಿಗಿಂತ ನಾನೇ ಮೇಲು ಎಂಬ ಜಂಬ ಬೇರೆ.

ಒಂದು ಬೆಳಿಗ್ಗೆ ಮಾವ ಪೇಪರು ತರಲು ಶಿವಮೊಗ್ಗಕ್ಕೆ ಹೊರಟರು. "ಇದು ಸಂಜೆಗೆ ಬೇಕಂತೆ. ಪ್ರೂಫು ಇಲ್ಲಿದೆ, ಓದ್ಕಂಡು ಅದಕ್ಕೆ ತಕ್ಕ ಹಾಗೆ ಮಾಡು. ತಿಳೀತಾ?"

"ಹ್ಞೂಂ ಮಾವ."

ಗಣಪತಿ ಕೂರಿಸಿದೆ. ಮಾವಿನ ತೋರಣ ಕಟ್ಟಿದೆ. ಕೆಂಪು ಇಂಕು. ಮಷಿನ್ನು ತುಳಿಯುವ ದ್ಯಾವಣ್ಣನಿಗೂ ಅಕ್ಷರ ಬಾರದು. "ಗಣಪ ಎಷ್ಟ್ ಲಕ್ಷಣಾಗಿ ಕೂತ್ಕಂಡ ನೋಡು!" ಅಂದ. ಕಾಗದ ಒಣಗಿದ ಮೇಲೂ ಸುಮ್ಮನೆ ಕೂರಲಾಗಲಿಲ್ಲ. ಯಾರೂ ಕೇಳದಿದ್ದರೂ ಮೂಲೆಮೂಲೆಗೆ ಅರಿಶಿನ ಹಚ್ಚಿದೆ. ಸೀಮೆಎಣ್ಣೆ ವಾಸನೆಯ ಪ್ರೆಸ್ಸು ಮದುವೆಮನೆಯ ಹಾಗೆ ಘಮಗುಟ್ಟಿತು.

ಸಂಜೆ ಮಾವ ಬಂದು ಕೈಕಾಲು ತೊಳೆಯುತ್ತಿದ್ದರು. ಬಾಗಿಲಲ್ಲಿ ಒಬ್ಬರು ಬಂದು ನಿಂತರು. ತಲೆ ಬೋಳಿಸಿತ್ತು, ಮೀಸೆಯೂ ಇಲ್ಲ. ಸಾವಾದ ಮನೆಯವರೆಂದು ನೋಡಿದರೇ ಗೊತ್ತಾಗುತ್ತಿತ್ತು. ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟೆ.

"ಅಪ್ಪಯ್ಯನ ವೈಕುಂಠ ಸಮಾರಾಧನೆ ಕಾಗದ ಆಯ್ತಾ?"

"ಆಗಿಲ್ಲ. ಮಷಿನ್ ಕೆಟ್ಟೋಗಿದೆ," ಅಂದೆ.

"ಕೆಟ್ಟೋಗಿದ್ರೆ ಕೈಗೆ ಇಂಕು ಎಲ್ಲಿಂದ ಬಂತೆ? ಏಳು ಮೇಲೆ," ಅಂದರು ಮಾವ. ಒಂದು ಕಾಗದ ಎಳೆದು ನೋಡಿ, ತಟ್ಟನೆ ಕವುಚಿ ಇಟ್ಟರು. "ಇನ್ನೂ ಒಣಗಿಲ್ಲ. ಕಾಫಿ ಕುಡ್ದು ಬನ್ನಿ ನೀವು" ಎಂದು ಅವರನ್ನು ಕಳಿಸಿದರು. ಆಮೇಲೆ ನನ್ನ ಮುಂದೆ ಕಾಗದ ಹಿಡಿದರು.

"ಓದು."

ಗಣಪತಿಯ ಮೇಲೆ ಬೆರಳಿಟ್ಟೆ.

"ಮೊದಲ್ನೇ ಅಕ್ಷರ ಓದು, ಸಾಕು."

"ಬರಲ್ಲ ಮಾವ."

ಹೊಡೆಯಲಿಲ್ಲ. ಗಣಪತಿ, ತೋರಣ ಕಿತ್ತು ಕಪ್ಪು ಇಂಕಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. "ಬರಲ್ಲ ಅಂತ ಮೊದ್ಲೇ ಹೇಳಿದ್ರೆ ನಾನೇ ಕಲಿಸ್ತಿದ್ನಲ್ಲೇ," ಅಂದರು. ಮರುದಿನ ನನ್ನನ್ನು ಊರಿಗೆಂದು ಹೊಸನಗರದ ಬಸ್ಸು ಹತ್ತಿಸಿದರು. ಅಕ್ಷರ ಕಲಿತಿದ್ದು ಮದುವೆಯಾದ ಮೇಲೆ, ಮಕ್ಕಳ ಸ್ಲೇಟು ನೋಡಿ.

ಮೊನ್ನೆ ಮಗಳ ಮಗಳು ನಮ್ಮ ಮಹಿಳಾ ಸಂಘದ ಉಪ್ಪಿನಕಾಯಿಗೆ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ಮಾಡುತ್ತಿದ್ದಳು. ಹೂವನ್ನೋ ಚಿತ್ರವನ್ನೋ ಎಳೆದು ಬಿಟ್ಟರೆ ಬಿಟ್ಟಲ್ಲೇ ಕೂರುತ್ತದೆ. "ಕೋಡಿಂಗು ಗೀಡಿಂಗು ಎಂತದೂ ಬರ್ಬೇಕಂತಿಲ್ಲ ಅಮ್ಮಮ್ಮ. ನೀನೇ ಮಾಡ್ಬೌದು," ಅಂದಳು. ಕೈ ತುರಿಸಿತು. ಆದರೂ ಮುಟ್ಟಲಿಲ್ಲ. "ಏನು ಬರ್ದಿದೀಯ, ಮೊದ್ಲು ಓದು," ಅಂದೆ.

ಪ್ರೆಸ್ಸಿದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಮಾವ ಹೋದ ವರ್ಷ ತೀರಿಕೊಂಡರು. ಅವರ ಸಮಾರಾಧನೆಯ ಕರೆಯೋಲೆ ಮೊಬೈಲಿಗೇ ಬಂತು, ಅವರ ಮೊಮ್ಮಗ ಹೀಗೇ ಕಂಪ್ಯೂಟರಿನಲ್ಲಿ ಎಳೆದು ಬಿಟ್ಟು ಮಾಡಿದ್ದಂತೆ. ಸುತ್ತ ಗುಲಾಬಿ ಬಳ್ಳಿ, ಮೇಲೆ ಗಣಪತಿ. ಆಗಲೇ ಊರಿಗೆಲ್ಲ ಹೋಗಿತ್ತು. ಮೇಲೆ ಕೂತು ಮುಚ್ಚೋಣವೆಂದರೆ ಕಟ್ಟೇ ಇಲ್ಲ.